ಹಾಲಿನ ಲೆಕ್ಕ ಉಳಿಯಬೇಕಾದರೆ: ಸಂಘಕ್ಕೆ, ಮನೆಗೆ, ಅಂಗಡಿಗೆ ಯಾವ ಡಿಸ್ಕ್, ಎಷ್ಟು ಪ್ರತಿ?



ಸಂಘದ ಲೆಕ್ಕ ಎಂದರೆ ಹಿಂದೆ ದಪ್ಪ ರಟ್ಟಿನ ಪುಸ್ತಕ. ಹಾಲು ಎಷ್ಟು, ಫ್ಯಾಟ್ ಎಷ್ಟು ಎಂದು ಕಾರ್ಯದರ್ಶಿಗಳು ಕೈಯಲ್ಲಿ ಬರೆದಿಡುತ್ತಿದ್ದರು. ಈಗ ಮೂಗೂರು, ಟಿ. ನರಸೀಪುರ, ನಂಜನಗೂಡು ಕಡೆಯ ಹಲವು ಸಂಘಗಳಲ್ಲಿ ಆ ಕೆಲಸವನ್ನು ಯಂತ್ರವೇ ಮಾಡುತ್ತದೆ. ಕ್ಯಾನು ಸುರಿದ ಕೂಡಲೇ ತೂಕ, ಫ್ಯಾಟ್, ಎಸ್‌ಎನ್‌ಎಫ್, ದರ ಎಲ್ಲವೂ ಕಂಪ್ಯೂಟರಿಗೆ ಹೋಗಿ, ಸದಸ್ಯರ ಕೈಗೆ ಒಂದು ಚೀಟಿ ಬರುತ್ತದೆ. ತೂಕದಲ್ಲಿ ಅನುಮಾನವಿಲ್ಲ, ಲೆಕ್ಕದಲ್ಲಿ ತಕರಾರಿಲ್ಲ. ಇದು ಒಳ್ಳೆಯದೇ.

ಆದರೆ ಆ ಚೀಟಿ ಎಷ್ಟು ದಿನ ಬಾಳುತ್ತದೆ? ಹೆಚ್ಚಿನ ಕಡೆ ಬರುವುದು ಶಾಖದಿಂದ ಅಕ್ಷರ ಮೂಡಿಸುವ ಥರ್ಮಲ್ ಕಾಗದ. ಅಂಗಿಯ ಜೇಬಿನಲ್ಲಿ ಬೆವರು ತಾಗಿದರೆ, ಕಿಟಕಿಯ ಪಕ್ಕ ಬಿಸಿಲು ಬಿದ್ದರೆ, ಕೆಲವೇ ತಿಂಗಳಲ್ಲಿ ಅದು ಬಿಳಿ ಹಾಳೆ. ಅಂದ ಮೇಲೆ ವರ್ಷವಿಡೀ ನೀವು ಹಾಕಿದ ಹಾಲಿಗೆ ಗಟ್ಟಿಯಾದ ಸಾಕ್ಷಿ ಉಳಿಯುವುದು ಒಂದೇ ಕಡೆ. ಅದು ಸಂಘದ ಕಂಪ್ಯೂಟರಿನ ಒಳಗಿರುವ ಅಂಗೈಯಗಲದ ಒಂದು ಪೆಟ್ಟಿಗೆ. ಅದೇ ಡಿಸ್ಕ್.

ಬಟವಾಡೆ ಆಗುವುದು ಅದರಲ್ಲಿರುವ ಲೆಕ್ಕದ ಮೇಲೆ. ರಾಜ್ಯ ಸರ್ಕಾರ ಲೀಟರಿಗೆ ಇಷ್ಟೆಂದು ಕೊಡುವ ಪ್ರೋತ್ಸಾಹಧನಕ್ಕೆ ಪಟ್ಟಿ ಹೋಗುವುದೂ ಆ ಲೆಕ್ಕದಿಂದಲೇ. ವರ್ಷದ ಕೊನೆಗೆ ಬೋನಸ್ ಹಂಚುವಾಗ, ಸಂಘದ ಚುನಾವಣೆಯಲ್ಲಿ ಯಾರು ಉಪವಿಧಿಯಂತೆ ಹಾಲು ಹಾಕಿ ಮತದಾನಕ್ಕೆ ಅರ್ಹರು ಎಂದು ಪಟ್ಟಿ ಮಾಡುವಾಗ, ಸಹಕಾರ ಕಾಯ್ದೆಯಂತೆ ಲೆಕ್ಕಪರಿಶೋಧನೆ ನಡೆಯುವಾಗ, ಹಸು ಕೊಳ್ಳಲು ಬ್ಯಾಂಕಿನಲ್ಲಿ ಸಾಲ ಕೇಳುವಾಗ ಬೇಕಾಗುವುದು ಅದೇ. ಹೀಗಿರುವಾಗ ಡಿಸ್ಕ್ ಕೊಳ್ಳುವುದು ಕಂಪ್ಯೂಟರ್ ಅಂಗಡಿಯವರಿಗೆ ಬಿಟ್ಟ ವಿಷಯ ಎಂದು ಸುಮ್ಮನಿರುವಂತಿಲ್ಲ. ಆಡಳಿತ ಮಂಡಳಿಯವರೂ ಸದಸ್ಯರೂ ತಿಳಿದಿರಬೇಕಾದ ವಿಷಯವಿದು. ಮನೆಯಲ್ಲಿ ಕಂಪ್ಯೂಟರೋ ಫೋನೋ ಇರುವವರಿಗೂ ಸಣ್ಣ ವ್ಯಾಪಾರ ನಡೆಸುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ಮೊದಲು ಎಷ್ಟು ಜಾಗ ಬೇಕು ಎಂದು ಲೆಕ್ಕ ಹಾಕಿ

ಅಂಗಡಿಗೆ ಹೋದರೆ "ಒಂದು ಟಿಬಿ ತಗೊಳ್ಳಿ, ಎರಡು ಟಿಬಿ ತಗೊಳ್ಳಿ" ಎನ್ನುತ್ತಾರೆ. ಸಂಘಕ್ಕೆ ನಿಜವಾಗಿ ಎಷ್ಟು ಬೇಕು?

200 ಸದಸ್ಯರಿರುವ ಒಂದು ಸಂಘವನ್ನು ತೆಗೆದುಕೊಳ್ಳೋಣ. ದಿನಕ್ಕೆ ಎರಡು ಹೊತ್ತು, ವರ್ಷಕ್ಕೆ 365 ದಿನ. ಎಲ್ಲರೂ ತಪ್ಪದೆ ಹಾಲು ಹಾಕಿದರೆ ವರ್ಷಕ್ಕೆ 1,46,000 ನಮೂದುಗಳಾಗುತ್ತವೆ. ಒಂದು ನಮೂದಿಗೆ ನೂರು ಅಕ್ಷರದ ಜಾಗ ಎಂದುಕೊಂಡರೆ ವರ್ಷಕ್ಕೆ ಸುಮಾರು 15 ಎಂಬಿ. ತಂತ್ರಾಂಶ ತನ್ನ ಅನುಕೂಲಕ್ಕೆ ಇದರ ಹತ್ತು ಪಟ್ಟು ಜಾಗ ಬಳಸಿದರೂ 150 ಎಂಬಿ. ಹತ್ತು ವರ್ಷಕ್ಕೆ ಒಂದೂವರೆ ಜಿಬಿ. ಒಂದು ಮದುವೆಯ ವಿಡಿಯೋ ಇದಕ್ಕಿಂತ ದೊಡ್ಡದಿರುತ್ತದೆ!

ಈ ಒಂದು ಲೆಕ್ಕ ತಿಳಿದರೆ ಅರ್ಧ ಗೊಂದಲ ಹೋಗುತ್ತದೆ. ಸಂಘದ ಲೆಕ್ಕಕ್ಕೆ ದೊಡ್ಡ ಡಿಸ್ಕ್ ಬೇಕಿಲ್ಲ. ಬೇಕಿರುವುದು ಒಂದಕ್ಕಿಂತ ಹೆಚ್ಚು ಪ್ರತಿಗಳು, ಒಂದಕ್ಕಿಂತ ಹೆಚ್ಚು ಕಡೆ. ದುಬಾರಿಯ ಒಂದು ಡಿಸ್ಕಿಗಿಂತ ಸಾಧಾರಣವಾದ ಎರಡು ಡಿಸ್ಕ್ ಮೇಲು. ಈ ಲೇಖನದ ಸಾರವೂ ಇಷ್ಟೇ.

ಸಿಸಿಟಿವಿ ಕ್ಯಾಮೆರಾದ ಲೆಕ್ಕ ಮಾತ್ರ ಬೇರೆ. ಸೆಕೆಂಡಿಗೆ 2 ಮೆಗಾಬಿಟ್ ವೇಗದಲ್ಲಿ ದಾಖಲಿಸುವ ಒಂದು ಕ್ಯಾಮೆರಾ ದಿನಕ್ಕೆ 21 ಜಿಬಿಗೂ ಹೆಚ್ಚು ಜಾಗ ತಿನ್ನುತ್ತದೆ. ನಾಲ್ಕು ಕ್ಯಾಮೆರಾ ಇದ್ದರೆ 1 ಟಿಬಿ ಡಿಸ್ಕ್ ಹನ್ನೊಂದು ಹನ್ನೆರಡು ದಿನಕ್ಕೆ ತುಂಬುತ್ತದೆ. ಆಮೇಲೆ ಹಳೆಯದರ ಮೇಲೆ ಹೊಸದು ಬರೆಯುತ್ತಾ ಹೋಗುತ್ತದೆ. ಒಂದು ತಿಂಗಳ ದೃಶ್ಯ ಉಳಿಯಬೇಕಾದರೆ 3 ಟಿಬಿ ಆದರೂ ಬೇಕು, 4 ಟಿಬಿ ಹಾಕಿಸಿದರೆ ಕ್ಷೇಮ. ಹಾಲಿನ ಲೆಕ್ಕವನ್ನೂ ಕ್ಯಾಮೆರಾದ ದೃಶ್ಯವನ್ನೂ ಒಂದೇ ಡಿಸ್ಕಿಗೆ ತುಂಬಬೇಡಿ.

ತಿರುಗುವ ಡಿಸ್ಕ್, ತಿರುಗದ ಡಿಸ್ಕ್

ಹಾರ್ಡ್ ಡಿಸ್ಕ್ ಹಳೆಯ ಕಾಲದ್ದು. ಒಳಗೆ ಕನ್ನಡಿಯಂಥ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತವೆ. ಓದುವ ಮುಳ್ಳು ತಟ್ಟೆಗೆ ತಾಗದೆ, ಕೂದಲೆಳೆಯ ಸಾವಿರಾರು ಪಾಲಿನಷ್ಟು ಸಣ್ಣ ಅಂತರದಲ್ಲಿ ತೇಲುತ್ತಿರುತ್ತದೆ. ಮೊದಲ ಹಾರ್ಡ್ ಡಿಸ್ಕನ್ನು 1956ರಲ್ಲಿ ಐಬಿಎಂ ಕಂಪನಿ ತಂದಿತು. ಬೀರುವಿಗಿಂತ ದೊಡ್ಡದಾಗಿದ್ದ ಅದರಲ್ಲಿ 50 ತಟ್ಟೆಗಳಿದ್ದವು, ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ಮೇಲೆ ಹೇಳಿದ 200 ಸದಸ್ಯರ ಸಂಘದ ನಾಲ್ಕು ತಿಂಗಳ ಲೆಕ್ಕಕ್ಕೆ ಅದು ತುಂಬಿಹೋಗುತ್ತಿತ್ತು. ಇಂದು ಅಂಗೈಯಲ್ಲಿ ಹಿಡಿಯುವ ಡಿಸ್ಕಿನಲ್ಲಿ ಅದರ ಲಕ್ಷಾಂತರ ಪಟ್ಟು ಜಾಗವಿದೆ.

ಹಾರ್ಡ್ ಡಿಸ್ಕ್ ಕಡಿಮೆ ಹಣಕ್ಕೆ ಹೆಚ್ಚು ಜಾಗ ಕೊಡುತ್ತದೆ. ಆದರೆ ತಿರುಗುತ್ತಿರುವಾಗ ಪೆಟ್ಟು ಬಿದ್ದರೆ, ಮೇಜು ಅಲುಗಿದರೆ, ಕರೆಂಟು ಹೋಗಿ ಬಂದು ಮಾಡಿದರೆ ತಡೆಯುವುದಿಲ್ಲ. ಜನರೇಟರ್, ಬಲ್ಕ್ ಕೂಲರಿನ ಕಂಪ್ರೆಸರ್ ಪಕ್ಕದಲ್ಲೇ ಗುಡುಗುಡು ಎನ್ನುವ ಕೋಣೆಯಲ್ಲಿ ಅದಕ್ಕೆ ಆಯಸ್ಸು ಕಡಿಮೆ.

ಎಸ್‌ಎಸ್‌ಡಿ ತಿರುಗುವುದಿಲ್ಲ. ಫೋನಿನೊಳಗೆ ಇರುವಂಥ ಚಿಪ್ಪಿನಲ್ಲೇ ಬರೆದಿಡುತ್ತದೆ. ಅಲುಗಾಟಕ್ಕೆ ಜಗ್ಗುವುದಿಲ್ಲ, ಕರೆಂಟು ಕಡಿಮೆ ಸಾಕು. ಹಾರ್ಡ್ ಡಿಸ್ಕ್ ಸೆಕೆಂಡಿಗೆ ನೂರು, ನೂರೈವತ್ತು ಎಂಬಿ ಓದಿದರೆ ಸಾಧಾರಣ ಸಾಟಾ ಎಸ್‌ಎಸ್‌ಡಿ ಐನೂರರ ಆಸುಪಾಸು ಓದುತ್ತದೆ. ಎನ್‌ವಿಎಂಇ ಎಂಬ ಬಗೆ ಇನ್ನೂ ಹಲವು ಪಟ್ಟು ವೇಗದ್ದು. ಹಾಲು ಹಾಕುವ ಸರದಿಯಲ್ಲಿ ಜನ ನಿಂತಿರುವಾಗ ಕಂಪ್ಯೂಟರ್ "ತಿರುಗುತ್ತಾ" ಕೂತರೆ, ಹೊಸ ಕಂಪ್ಯೂಟರ್ ಕೊಳ್ಳುವ ಮೊದಲು ಹಳೆಯ ಹಾರ್ಡ್ ಡಿಸ್ಕ್ ತೆಗೆದು 240 ಅಥವಾ 256 ಜಿಬಿಯ ಸಾಟಾ ಎಸ್‌ಎಸ್‌ಡಿ ಹಾಕಿಸಿ ನೋಡಿ. ಎಷ್ಟೋ ಹಳೆಯ ಕಂಪ್ಯೂಟರ್‌ಗಳು ಇದರಿಂದಲೇ ಚುರುಕಾಗುತ್ತವೆ. ಸಂಘದ ಕೆಲಸಕ್ಕೆ ಎನ್‌ವಿಎಂಇ ವೇಗವೇನೂ ಬೇಕಿಲ್ಲ. ಹಳೆಯ ಯಂತ್ರಕ್ಕೆ ಅದು ಕೂರುವುದೂ ಇಲ್ಲ.

ಎಸ್‌ಎಸ್‌ಡಿಗೆ ಎರಡು ದೋಷಗಳಿವೆ. ಹಾರ್ಡ್ ಡಿಸ್ಕ್ ಕೆಡುವ ಮೊದಲು ಹಲವು ಬಾರಿ ಟಿಕ್ ಟಿಕ್ ಸದ್ದು ಮಾಡಿ, ನಿಧಾನವಾಗಿ ಸೂಚನೆ ಕೊಡುತ್ತದೆ. ಎಸ್‌ಎಸ್‌ಡಿ ಸದ್ದಿಲ್ಲದೆ ಒಂದು ಬೆಳಿಗ್ಗೆ ಕೈ ಕೊಡಬಹುದು. ಎರಡನೆಯದು, ಕರೆಂಟು ಕೊಡದೆ ವರ್ಷಗಟ್ಟಲೆ ಬೀರುವಿನಲ್ಲಿಟ್ಟರೆ ಚಿಪ್ಪಿನಲ್ಲಿರುವ ಬರಹ ಮಾಸಬಹುದು. ಆದ್ದರಿಂದ ದಿನದ ಕೆಲಸಕ್ಕೆ ಎಸ್‌ಎಸ್‌ಡಿ, ಎತ್ತಿಡುವುದಕ್ಕೆ ಹೊರಗಿನಿಂದ ಜೋಡಿಸುವ ಹಾರ್ಡ್ ಡಿಸ್ಕ್. ಈ ಜೋಡಿ ಸಂಘಕ್ಕೂ ಮನೆಗೂ ಸರಿಹೊಂದುತ್ತದೆ.

ಪೆನ್‌ಡ್ರೈವ್ ಸಾಗಿಸಲು, ಕೂಡಿಡಲು ಅಲ್ಲ

ಪೆನ್‌ಡ್ರೈವ್ ಹಾಲಿನ ಕ್ಯಾನಿನಂತೆ. ಇಲ್ಲಿಂದ ಅಲ್ಲಿಗೆ ಒಯ್ಯಲು ಅನುಕೂಲ, ಆದರೆ ಯಾರೂ ಹಾಲನ್ನು ವಾರಗಟ್ಟಲೆ ಕ್ಯಾನಿನಲ್ಲಿಡುವುದಿಲ್ಲ. ಸಣ್ಣದು, ಕಳೆದುಹೋಗುತ್ತದೆ. ಅಗ್ಗದ ಚಿಪ್ಪಿನದು, ಬೇಗ ಕೆಡುತ್ತದೆ. ಜೆರಾಕ್ಸ್ ಅಂಗಡಿಯ ಕಂಪ್ಯೂಟರಿಗೆ ಚುಚ್ಚಿ ತಂದರೆ ವೈರಸ್ಸನ್ನೂ ಹೊತ್ತು ತರುತ್ತದೆ. ಸಂಘದ ಪೆನ್‌ಡ್ರೈವನ್ನು ಯಾರ ಮನೆಯ ಸಿನಿಮಾ, ಹಾಡಿಗೂ ಬಳಸಬಾರದು.

ಸಂತೆಯಲ್ಲಿ, ಆನ್‌ಲೈನಿನಲ್ಲಿ "2 ಟಿಬಿ ಪೆನ್‌ಡ್ರೈವ್ ಕೆಲವೇ ನೂರು ರೂಪಾಯಿ" ಎಂಬ ಜಾಹೀರಾತು ಬರುತ್ತದೆ. ಅದು ನಕಲಿ. ಒಳಗಿರುವುದು ಕೆಲವೇ ಜಿಬಿ. ಕಂಪ್ಯೂಟರಿಗೆ ಮಾತ್ರ 2 ಟಿಬಿ ಎಂದು ತೋರಿಸುವಂತೆ ಮಾಡಿರುತ್ತಾರೆ. ತುಂಬಿದ ಮೇಲೆ ಹೊಸ ಕಡತ ಬರೆದಂತೆ ಕಾಣುತ್ತದೆ, ತೆರೆಯಲು ಹೋದರೆ ಬರುವುದಿಲ್ಲ. ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶದಿಂದ ಇದನ್ನು ಪರೀಕ್ಷಿಸಬಹುದು. ಹಾಲಿಗೆ ಲ್ಯಾಕ್ಟೋಮೀಟರ್ ಇದ್ದಂತೆ ಇದು. ಇನ್ನೊಂದು ಮಾತು: 1 ಟಿಬಿ ಡಿಸ್ಕನ್ನು ವಿಂಡೋಸ್ 931 ಜಿಬಿ ಎಂದು ತೋರಿಸಿದರೆ ಅದು ಮೋಸವಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ, ವಿಂಡೋಸ್ 1,024ರ ಲೆಕ್ಕದಲ್ಲಿ ಎಣಿಸುವುದರಿಂದ ಬರುವ ವ್ಯತ್ಯಾಸ ಅದು.

ಸಿಸಿಟಿವಿಗೆ ಡಿಸ್ಕ್ ಕೊಳ್ಳುವಾಗ ಹಗಲೂ ರಾತ್ರಿ ಬರೆಯಲೆಂದೇ ಮಾಡಿದ ಬಗೆಯನ್ನು ಕೇಳಿ. ವೆಸ್ಟರ್ನ್ ಡಿಜಿಟಲ್‌ನವರ ಪರ್ಪಲ್, ಸೀಗೇಟ್‌ನವರ ಸ್ಕೈಹಾಕ್ ಅಂಥವು. ಕ್ಯಾಮೆರಾದೊಳಗೇ ಮೆಮೊರಿ ಕಾರ್ಡ್ ಹಾಕುವಂತಿದ್ದರೆ "ಹೈ ಎಂಡ್ಯೂರೆನ್ಸ್" ಎಂದು ಬರೆದಿರುವ ಕಾರ್ಡನ್ನೇ ಕೊಳ್ಳಿ. ಫೋನಿಗೆ ಹಾಕುವ ಸಾಧಾರಣ ಕಾರ್ಡ್ ಅಲ್ಲಿ ಹೆಚ್ಚು ದಿನ ಬಾಳದು.

ವಾರಂಟಿ ಡಿಸ್ಕಿಗೆ, ಲೆಕ್ಕಕ್ಕಲ್ಲ

"ಮೂರು ವರ್ಷ ವಾರಂಟಿ ಇದೆಯಲ್ಲ" ಎಂದು ಸಮಾಧಾನಪಟ್ಟುಕೊಳ್ಳುವವರಿದ್ದಾರೆ. ವಾರಂಟಿಯಲ್ಲಿ ಬರುವುದು ಹೊಸ ಖಾಲಿ ಡಿಸ್ಕ್. ಹಳೆಯದರಲ್ಲಿದ್ದ ಮೂರು ವರ್ಷದ ಹಾಲಿನ ಲೆಕ್ಕ ಬರುವುದಿಲ್ಲ. ಅದನ್ನು ತೆಗೆದುಕೊಡುವ ಪ್ರಯೋಗಾಲಯಗಳು ಬೆಂಗಳೂರಿನಂಥ ನಗರಗಳಲ್ಲಿವೆ. ಆದರೆ ಖರ್ಚು ಡಿಸ್ಕಿನ ಬೆಲೆಯ ಹಲವು ಪಟ್ಟು, ಸಿಕ್ಕೇ ಸಿಗುತ್ತದೆಂಬ ಭರವಸೆಯೂ ಇಲ್ಲ.

ಒಳ್ಳೆಯ ಕಂಪನಿಯ ಡಿಸ್ಕ್ ಕೆಡುವುದಿಲ್ಲವೇ? ಲಕ್ಷಾಂತರ ಡಿಸ್ಕ್‌ಗಳನ್ನು ನಡೆಸುವ ಅಮೆರಿಕದ ಬ್ಯಾಕ್‌ಬ್ಲೇಜ್ ಸಂಸ್ಥೆ ತನ್ನ ಅಂಕಿಗಳನ್ನು ಪ್ರಕಟಿಸುತ್ತಾ ಬಂದಿದೆ. ಅಲ್ಲಿ ವರ್ಷಕ್ಕೆ ನೂರರಲ್ಲಿ ಒಂದೆರಡು ಡಿಸ್ಕ್ ಕೆಡುತ್ತವೆ. ಅದೂ ತಂಪಾದ, ಧೂಳಿಲ್ಲದ, ಕರೆಂಟು ಹೋಗದ ಕೋಣೆಯಲ್ಲಿ. ನಮ್ಮ ಸಂಘದ ಕೋಣೆಯಲ್ಲಿ ದಿನಕ್ಕೆರಡು ಸಲ ನೆಲ ತೊಳೆಯುತ್ತೇವೆ, ಹಲ್ಲಿ ಇರುವೆ ಓಡಾಡುತ್ತವೆ, ಬೇಸಿಗೆಯ ಸೆಕೆ ಇದೆ. ಕಂಪ್ಯೂಟರನ್ನು ನೆಲದಿಂದ ಎರಡಡಿ ಮೇಲಿಡಿ. ಯುಪಿಎಸ್ ಕಡ್ಡಾಯ ಎಂದುಕೊಳ್ಳಿ. ಕರೆಂಟು ಹೋದಾಗ ಹತ್ತು ನಿಮಿಷ ಸಿಕ್ಕರೂ ನಮೂದು ಮುಗಿಸಿ, ಕಂಪ್ಯೂಟರನ್ನು ಸರಿಯಾಗಿ ಮುಚ್ಚಬಹುದು.

ಎರಡನೆಯ ಪ್ರತಿ ಬೇರೆ ಕಡೆ ಏಕಿರಬೇಕು

ನಮ್ಮದು ಎರಡು ಹೊಳೆ ಕೂಡುವ ಸೀಮೆ. 2018ರಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಕಪಿಲೆ ಉಕ್ಕಿ ನಂಜನಗೂಡಿನಲ್ಲಿ ನೀರು ನುಗ್ಗಿದ್ದು, ಮಲ್ಲನಮೂಲೆಯ ಬಳಿ ಮೈಸೂರು ರಸ್ತೆಯೇ ಮುಚ್ಚಿದ್ದು ನೆನಪಿರಬಹುದು. ಕಂಪ್ಯೂಟರೂ ಅದರ ಪ್ರತಿ ಇರುವ ಡಿಸ್ಕೂ ಒಂದೇ ಮೇಜಿನ ಮೇಲಿದ್ದರೆ ನೀರಿಗೆ, ಬೆಂಕಿಗೆ, ಕಳ್ಳನಿಗೆ ಎರಡೂ ಒಟ್ಟಿಗೇ ಹೋಗುತ್ತವೆ.

ಹೀಗೆ ಎರಡನೆಯ ಪ್ರತಿ ಉಳಿಸುವುದು ನಮಗೆ ಹೊಸದೇನೂ ಅಲ್ಲ. ಟಿ. ನರಸೀಪುರ, ನಂಜನಗೂಡು ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು ಓದಿಸಿ, 1894ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಗುಡಿಯಂಗಳದ, ಹೊಲದ ಬದುವಿನ ಕಲ್ಲಿನ ಮೇಲಿನ ಅಕ್ಷರ ಮಳೆಗೆ ಸವೆಯಬಹುದು. ಅಚ್ಚಾದ ಪ್ರತಿ ಹತ್ತಾರು ಗ್ರಂಥಾಲಯಗಳಲ್ಲಿರುವುದರಿಂದ ದಾನ ಕೊಟ್ಟವರ ಹೆಸರು ಉಳಿದಿದೆ. ಕಲ್ಲಿಗೇ ಪ್ರತಿ ಬೇಕಾಯಿತು ಎಂದ ಮೇಲೆ ಡಿಸ್ಕಿಗೆ ಬೇಡವೇ?

ಕಂಪ್ಯೂಟರ್ ತಿಳಿದವರು ಇದಕ್ಕೆ 3-2-1 ಎಂಬ ಸೂತ್ರ ಹೇಳುತ್ತಾರೆ: ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಬೇರೆ ಊರಲ್ಲಿ ಅಥವಾ ಬೇರೆ ಕಟ್ಟಡದಲ್ಲಿ. ಸಂಘದಲ್ಲಿ ಅದನ್ನು ಹೀಗೆ ಮಾಡಬಹುದು:

ಮೊದಲನೆಯದು, ಕಂಪ್ಯೂಟರಿನ ಎಸ್‌ಎಸ್‌ಡಿಯಲ್ಲಿ ದಿನದ ಲೆಕ್ಕ. ಎರಡನೆಯದು, "ಅ", "ಆ" ಎಂದು ಚೀಟಿ ಅಂಟಿಸಿದ ಎರಡು ಹೊರ ಡಿಸ್ಕ್. ಒಂದು ವಾರ "ಅ", ಮರು ವಾರ "ಆ". ಪ್ರತಿ ತೆಗೆದ ಡಿಸ್ಕನ್ನು ಅಂದೇ ಸಂಘದ ಕಟ್ಟಡದಿಂದ ಹೊರಗೆ, ಆಡಳಿತ ಮಂಡಳಿ ಒಪ್ಪಿದವರ ಮನೆಯ ಬೀರುವಿಗೆ ಕಳಿಸಿ, ಅಲ್ಲಿದ್ದ ಇನ್ನೊಂದನ್ನು ತರಿಸಿಕೊಳ್ಳಿ. ಮೂರನೆಯದು, ಇಂಟರ್‌ನೆಟ್ ಇದ್ದರೆ ಕ್ಲೌಡ್. ಗೂಗಲ್ ಖಾತೆಯೊಂದಕ್ಕೆ 15 ಜಿಬಿ ಉಚಿತ. ಸಂಘದ ಹತ್ತು ವರ್ಷದ ಲೆಕ್ಕಕ್ಕೂ ಅದು ಸಾಕು. ಆದರೆ ಖಾತೆ ಸಂಘದ ಹೆಸರಿನಲ್ಲಿರಲಿ. ಕೆಲಸ ಬಿಟ್ಟುಹೋಗುವವರ ಸ್ವಂತ ಮೊಬೈಲ್ ಸಂಖ್ಯೆಗೆ ಅಂಟಿಕೊಂಡಿರಬಾರದು.

ಪ್ರತಿ ಮುಗಿದ ಮೇಲೆ ಡಿಸ್ಕನ್ನು ಕಂಪ್ಯೂಟರಿನಿಂದ ಬಿಡಿಸಲೇಬೇಕು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ವೈರಸ್ 150ಕ್ಕೂ ಹೆಚ್ಚು ದೇಶಗಳ ಕಂಪ್ಯೂಟರ್‌ಗಳಿಗೆ ಬೀಗ ಜಡಿದು ಹಣ ಕೇಳಿತು. ಅಂಥ ವೈರಸ್ ಬಂದರೆ ಜೋಡಿಸಿಟ್ಟ ಡಿಸ್ಕಿಗೂ ಬೀಗ ಬೀಳುತ್ತದೆ. ಬಿಡಿಸಿಟ್ಟದ್ದು ಮಾತ್ರ ಉಳಿಯುತ್ತದೆ.

ಪ್ರತಿ ತೆಗೆದರೆ ಸಾಲದು, ತೆರೆದು ನೋಡಿ

ಸಾಮಾನ್ಯವಾಗಿ ಎಡವುವುದು ಇಲ್ಲೇ. ಪರದೆಯ ಮೇಲಿರುವ ತಂತ್ರಾಂಶದ ಚಿತ್ರವನ್ನು ಪೆನ್‌ಡ್ರೈವಿಗೆ ಎಳೆದು ಹಾಕಿದರೆ ಲೆಕ್ಕ ಬರುವುದಿಲ್ಲ. ಅದು ಮನೆಯ ವಿಳಾಸ ಬರೆದುಕೊಂಡಂತೆ, ಮನೆಯಲ್ಲ. ತಂತ್ರಾಂಶದೊಳಗೇ "ಬ್ಯಾಕಪ್" ಎಂಬ ಆಯ್ಕೆ ಇರುತ್ತದೆ, ಅದನ್ನೇ ಒತ್ತಬೇಕು. ತಂತ್ರಾಂಶ ಕೊಟ್ಟವರಿಂದ ಇದನ್ನು ಕಲಿತು, ಪಾಸ್‌ವರ್ಡನ್ನು ಲಕೋಟೆಯಲ್ಲಿ ಮುಚ್ಚಿ ಸಂಘದ ಬೀರುವಿನಲ್ಲಿಡಿ.

ಮೂರು ತಿಂಗಳಿಗೊಮ್ಮೆ ಬ್ಯಾಕಪ್ಪನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆಸಿ, ಯಾವುದಾದರೂ ಒಬ್ಬ ಸದಸ್ಯರ ಯಾವುದಾದರೂ ಒಂದು ದಿನದ ಹಾಲಿನ ಲೆಕ್ಕ ನೋಡಿ. ಸಿಕ್ಕರೆ ಅದು ಪ್ರತಿ. ಸಿಗದಿದ್ದರೆ ಬರೀ ಪ್ಲಾಸ್ಟಿಕ್ ಡಬ್ಬಿ. ಜೊತೆಗೆ ತಿಂಗಳ ಒಟ್ಟು ಪಟ್ಟಿಯನ್ನು ಪಿಡಿಎಫ್ ಮಾಡಿಡಿ, ಒಂದು ಪ್ರತಿ ಮುದ್ರಿಸಿ ಸಹಿ ಹಾಕಿಸಿ. ಮುಂದೆ ತಂತ್ರಾಂಶ ಬದಲಾದರೂ ಕಾಗದವನ್ನೂ ಪಿಡಿಎಫ್ಫನ್ನೂ ಯಾರು ಬೇಕಾದರೂ ಓದಬಹುದು.

ಆ ಡಿಸ್ಕಿನಲ್ಲಿ ಸದಸ್ಯರ ಆಧಾರ್, ಬ್ಯಾಂಕ್ ಖಾತೆಯ ಸಂಖ್ಯೆಗಳೂ ಇರುತ್ತವೆ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೇ ಬಂದಿದೆ. ಹೊರ ಡಿಸ್ಕಿಗೆ ಪಾಸ್‌ವರ್ಡ್ ಹಾಕಿಸಿ. ಕೆಟ್ಟ ಡಿಸ್ಕನ್ನು ಗುಜರಿಗೆ ಹಾಕಬೇಡಿ. ಅಳಿಸಿದ್ದನ್ನೂ ಮತ್ತೆ ತೆಗೆಯುವವರಿದ್ದಾರೆ. ಒಳಗಿನ ತಟ್ಟೆ ಅಥವಾ ಚಿಪ್ಪು ಒಡೆಯುವಂತೆ ಮಾಡಿ, ಆಮೇಲೆ ಇ-ತ್ಯಾಜ್ಯಕ್ಕೆ ಕೊಡಿ.

ಮನೆಗೆ ಮತ್ತು ಸಣ್ಣ ವ್ಯಾಪಾರಕ್ಕೆ

ಹೆಚ್ಚಿನ ರೈತರ ಮನೆಯಲ್ಲಿ ಡಿಸ್ಕ್ ಎಂದರೆ ಫೋನ್. ಮಕ್ಕಳ ಫೋಟೋ, ಪಹಣಿ, ಅಂಕಪಟ್ಟಿ, ಹಸುವಿನ ವಿಮೆಯ ಪತ್ರ, 12 ಅಂಕಿಯ ಕಿವಿಯೋಲೆ ಕಾಣುವ ಚಿತ್ರ, ಗರ್ಭಧಾರಣೆ ಮಾಡಿಸಿದ ದಿನಾಂಕ ಎಲ್ಲವೂ ಅದರಲ್ಲೇ. ಫೋನು ಕೆರೆಗೆ ಬಿದ್ದ ದಿನ ಹಸು ಸತ್ತರೆ ವಿಮೆಗೆ ತೋರಿಸಲು ಏನಿದೆ? ತಿಂಗಳಿಗೊಮ್ಮೆ ಇವನ್ನು 1 ಟಿಬಿಯ ಹೊರ ಹಾರ್ಡ್ ಡಿಸ್ಕಿಗೆ ಇಳಿಸಿ. ಅದನ್ನು ಕೊಳ್ಳಲಾಗದಿದ್ದರೆ ಮುಖ್ಯವಾದ ಪತ್ರಗಳನ್ನಷ್ಟೇ ಹೊಸ ಪೆನ್‌ಡ್ರೈವಿಗೂ ಗೂಗಲ್ ಖಾತೆಗೂ ಹಾಕಿಡಿ. ಗೂಗಲ್ ಫೋಟೋಸ್ 2021ರ ಜೂನ್ 1ರಿಂದ ಮಿತಿಯಿಲ್ಲದ ಉಚಿತ ಜಾಗ ನಿಲ್ಲಿಸಿದೆ. ಆ 15 ಜಿಬಿಯನ್ನು ಶುಭೋದಯದ ಚಿತ್ರಗಳು ತಿಂದು ಹಾಕದಂತೆ ನೋಡಿಕೊಳ್ಳಿ. ಆಧಾರ್, ಚಾಲನಾ ಪರವಾನಗಿಯಂಥ ಪತ್ರಗಳಿಗೆ ಸರ್ಕಾರದ ಡಿಜಿಲಾಕರ್ ಇದೆ.

ಪಶು ಆಹಾರದ ಅಂಗಡಿ, ಸೇವಾ ಕೇಂದ್ರ ನಡೆಸುವವರು ಸಂಘದಂತೆಯೇ ಒಂದು ಎಸ್‌ಎಸ್‌ಡಿ, ಎರಡು ಹೊರ ಡಿಸ್ಕ್ ಇಟ್ಟುಕೊಂಡರೆ ಸಾಕು. ಜಿಎಸ್‌ಟಿ ನೋಂದಣಿ ಇದ್ದರೆ ಲೆಕ್ಕಪತ್ರಗಳನ್ನು ವಾರ್ಷಿಕ ವಿವರ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಉಳಿಸಬೇಕೆಂಬುದು ನೆನಪಿರಲಿ. ಮೂಗೂರು ತ್ರಿಪುರಸುಂದರಮ್ಮನ ಜಾತ್ರೆ, ಮದುವೆ ಚಿತ್ರೀಕರಿಸುವ ಸ್ಟುಡಿಯೋದವರಿಗೆ ಮಾತ್ರ ದೊಡ್ಡ ಜಾಗ ಬೇಕು. ಅವರು 4 ಟಿಬಿಯ ಎರಡು ಹಾರ್ಡ್ ಡಿಸ್ಕ್ ಇಟ್ಟು, ಎರಡಕ್ಕೂ ಬರೆದ ಮೇಲೆಯೇ ಕ್ಯಾಮೆರಾದ ಕಾರ್ಡ್ ಅಳಿಸಲಿ. ಹಲವು ಕಂಪ್ಯೂಟರ್‌ಗಳಿರುವ ಕಚೇರಿಗೆ ನ್ಯಾಸ್ ಎಂಬ ಪೆಟ್ಟಿಗೆ ಬರುತ್ತದೆ. ಅದರೊಳಗಿನ ಎರಡು ಡಿಸ್ಕ್‌ಗಳಲ್ಲಿ ಒಂದು ಕೆಟ್ಟರೆ ಇನ್ನೊಂದು ಕೆಲಸ ನಡೆಸುತ್ತದೆ. ಆದರೆ ತಪ್ಪಿ ಅಳಿಸಿದ ಕಡತ ಎರಡರಲ್ಲೂ ಅಳಿಯುತ್ತದೆ. ಆದ್ದರಿಂದ ನ್ಯಾಸ್ ಇದ್ದರೂ ಬೇರೆ ಪ್ರತಿ ಬೇಕು.

ಕೊಳ್ಳುವಾಗ ನೋಡಬೇಕಾದ್ದು

• ಜಿಎಸ್‌ಟಿ ಬಿಲ್ ಪಡೆಯಿರಿ. ಬಿಲ್ಲಿನಲ್ಲಿ ಡಿಸ್ಕಿನ ಕ್ರಮಸಂಖ್ಯೆ ಬರೆಸಿ, ಕಂಪನಿಯ ಜಾಲತಾಣದಲ್ಲಿ ವಾರಂಟಿ ತಾಳೆ ನೋಡಿ.
• ಕನಿಷ್ಠ ಮೂರು ವರ್ಷ ವಾರಂಟಿ ಇರಲಿ. ಬಿಚ್ಚಿ ಬಳಸಿದ ಡಿಸ್ಕನ್ನು ಲೆಕ್ಕಪತ್ರಕ್ಕೆ ಕೊಳ್ಳಬೇಡಿ.
• ಹೊರ ಡಿಸ್ಕ್ ಯುಎಸ್‌ಬಿ 3 ಆಗಿರಲಿ. ಕಂಪ್ಯೂಟರಿನ ನೀಲಿ ಬಣ್ಣದ ಕಿಂಡಿಗೆ ಹಾಕಿದರೆ ವೇಗ ಸಿಗುತ್ತದೆ.
• ಎರಡು ಡಿಸ್ಕ್ ಬೇಕಾದರೆ ಬೇರೆ ಬೇರೆ ಕಂಪನಿಯದ್ದು ಕೊಳ್ಳಿ. ಒಂದೇ ದೋಷ ಎರಡಕ್ಕೂ ಬರುವ ಸಂಭವ ಕಡಿಮೆಯಾಗುತ್ತದೆ.
• ಸದ್ದು, ನಿಧಾನ, ಕಡತ ತೆರೆಯದಿರುವುದು ಕಂಡರೆ ರಿಪೇರಿಗೆ ಮೊದಲು ಪ್ರತಿ ತೆಗೆಯಿರಿ. ಐದು ವರ್ಷ ದುಡಿದ ಡಿಸ್ಕನ್ನು ಕೆಡುವ ಮೊದಲೇ ಬದಲಿಸಿ.

ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಇದನ್ನೊಂದು ವಿಷಯವಾಗಿ ಇಟ್ಟು, ಯಾವ ವಾರ ಯಾರು ಪ್ರತಿ ತೆಗೆಯಬೇಕು, ಡಿಸ್ಕ್ ಯಾರ ಮನೆಯಲ್ಲಿರಬೇಕು ಎಂದು ನಡವಳಿ ಪುಸ್ತಕದಲ್ಲಿ ಬರೆಸಿ. ವಾರ್ಷಿಕ ಮಹಾಸಭೆಗೆ ಬಂದ ಸದಸ್ಯರೂ ಜಮಾ ಖರ್ಚು ಕೇಳುವಂತೆಯೇ "ನಮ್ಮ ಲೆಕ್ಕದ ಎರಡನೆಯ ಪ್ರತಿ ಎಲ್ಲಿದೆ, ಕೊನೆಯ ಸಲ ತೆರೆದು ನೋಡಿದ್ದು ಯಾವಾಗ?" ಎಂದು ಕೇಳಲಿ. ಅದಕ್ಕೆ ದಿನಾಂಕ ಸಮೇತ ಉತ್ತರ ಕೊಡುವ ಸಂಘದಲ್ಲಿ ಕಂಪ್ಯೂಟರ್ ಕೆಟ್ಟರೂ ಬಟವಾಡೆ ನಿಲ್ಲುವುದಿಲ್ಲ.